ಒಗ್ಗರಣೆ ಎಣ್ಣೆ ಸಿಡಿದಾಗ: ನಾನು ಮಾಡುವ ಕ್ರಮ

ಸಿಡಿದ ಒಗ್ಗರಣೆಯಾಗಲಿ, ಕಾದ ತವಾದ ಅಂಚಾಗಲಿ, ಕುಕ್ಕರಿನ ಆವಿಯಾಗಲಿ, ಚಿಕ್ಕ ಸುಟ್ಟಗಾಯಕ್ಕೆ ಮೊದಲ ಔಷಧ ನೀರು. ಒಲೆ ಆರಿಸಿ ಕೈಯನ್ನು ನಲ್ಲಿಯ ಕೆಳಗೆ ಹಿಡಿಯುತ್ತೇನೆ. ಬಳೆ, ಉಂಗುರ ಬಿಚ್ಚುವುದೂ ಆಗಲೇ. ಬೆರಳು ಊದಿಕೊಂಡ ಮೇಲೆ ಉಂಗುರ ಬರುವುದಿಲ್ಲ.

ಎಷ್ಟು ಹೊತ್ತು? ಗಡಿಯಾರ ನೋಡಿಕೊಂಡು 20 ನಿಮಿಷ. ಬಹುತೇಕರು ಎಡವುವುದು ಇಲ್ಲೇ. ಎರಡು ನಿಮಿಷಕ್ಕೆ ಉರಿ ತಗ್ಗುತ್ತದೆ, ಕೈ ತೆಗೆಯುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಚುರುಚುರು. ಚರ್ಮದಡಿ ಕಾವು ಇನ್ನೂ ಇದೆ ಎಂದರ್ಥ. ಬೇಸಿಗೆ ಮಧ್ಯಾಹ್ನ ಟ್ಯಾಂಕಿನ ನೀರೇ ಬಿಸಿಯಾಗಿರುತ್ತದೆ. ಆಗ ಕೊಡದ ನೀರನ್ನು ಬೇಸಿನ್‌ಗೆ ಸುರಿದು ಕೈ ಅದ್ದಿ, ನೀರು ಬೆಚ್ಚಗಾದಂತೆ ಬದಲಿಸುತ್ತೇನೆ. ಐಸ್ ಬೇಡ, ರಕ್ತನಾಳ ಕುಗ್ಗಿ ಗಾಯ ಹೆಚ್ಚಾಗಬಹುದು. ತಕ್ಷಣ ನೀರು ಹಿಡಿಯಲಾಗದಿದ್ದರೂ ಮೂರು ಗಂಟೆಯೊಳಗೆ ಹಿಡಿದರೆ ಪ್ರಯೋಜನ ಉಂಟು.

ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ ಯಾವುದೂ ಹಚ್ಚುವುದಿಲ್ಲ. ದೋಸೆ ಹಿಟ್ಟು ತಂಪೆನಿಸುವುದು ನಿಜ, ಆದರೆ ಹುಳಿ ಬಂದ ಹಿಟ್ಟಿನ ತುಂಬ ಜೀವಾಣುಗಳು. ಬೊಬ್ಬೆ ಒಡೆದರೆ ಅವು ಗಾಯದೊಳಕ್ಕೆ. ಇಂಕು, ಅರಿಶಿನದ ಬಣ್ಣವಂತೂ ಗಾಯದ ಆಳವನ್ನೇ ಮರೆಮಾಚುತ್ತದೆ.

ನೀರಾದ ಮೇಲೆ ಒಗೆದ ಬಟ್ಟೆಯಿಂದ ಒತ್ತಿ ಒರೆಸಿ (ಉಜ್ಜಬಾರದು), ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ, ಮೇಲೆ ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದಂತೆ ಜಿಡ್ಡು ಸವರಿದ ಜಾಳು ಬಟ್ಟೆ) ಇಟ್ಟು ಸಡಿಲವಾಗಿ ಬ್ಯಾಂಡೇಜ್ ಸುತ್ತುತ್ತೇನೆ. ಹತ್ತಿ ನೇರವಾಗಿ ಇಟ್ಟರೆ ಎಳೆಗಳು ಗಾಯಕ್ಕೆ ಅಂಟುತ್ತವೆ. ದಿನಕ್ಕೊಮ್ಮೆ ಬದಲಾವಣೆ, ಅಂಟಿಕೊಂಡಿದ್ದರೆ ಎಳೆಯದೆ ನೀರಲ್ಲಿ ನೆನೆಸಿ ಬಿಡಿಸುವುದು. ಬೊಬ್ಬೆ ಚುಚ್ಚುವಂತಿಲ್ಲ, ಒಳಗಿನ ಗಾಯಕ್ಕೆ ಅದೇ ಹೊದಿಕೆ. ತಾನಾಗಿ ಒಡೆದರೆ ಸೋಪು ನೀರಲ್ಲಿ ತೊಳೆದು ಮತ್ತೆ ಮುಚ್ಚಿದರಾಯಿತು. ನೋವಿಗೆ ದೊಡ್ಡವರಿಗಾದರೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಒಂದು.

ಗಾಯ ಸುಟ್ಟವರ ಅಂಗೈಗಿಂತ ದೊಡ್ಡದಾದರೆ, ಮುಖ ಅಥವಾ ಕೀಲಿನ ಮೇಲಿದ್ದರೆ, ಬೆರಳಿನ ಸುತ್ತ ಬಳಸಿದ್ದರೆ, ಸುಟ್ಟದ್ದು ಚಿಕ್ಕ ಮಗುವಾದರೆ ನೀರು ಹಿಡಿದು ನೇರ ಆಸ್ಪತ್ರೆಗೆ. ಚರ್ಮ ಬೆಳ್ಳಗೆ ಬಿರುಸಾಗಿ ನೋವೇ ಇಲ್ಲದಿದ್ದರೆ ಖುಷಿಪಡಬೇಡಿ, ನರತುದಿಗಳೇ ಸುಟ್ಟಿರಬಹುದು. ಟಿಟಿ (ಧನುರ್ವಾಯು ತಡೆಯುವ ಚುಚ್ಚುಮದ್ದು) ಚುಚ್ಚಿಸಿ ಐದು ವರ್ಷ ದಾಟಿದ್ದರೆ ವೈದ್ಯರಿಗೆ ಹೇಳಿ. ದಿನ ಕಳೆದಂತೆ ಕೀವು, ಜ್ವರ, ಹರಡುವ ಕೆಂಪು ಕಂಡರೂ ಅಷ್ಟೇ, ಕಾಯಬಾರದು.

ಮೇಲಿನ ಪದರ ಮಾತ್ರ ಸುಟ್ಟಿದ್ದರೆ ವಾರದೊಳಗೆ ಸರಿಹೋಗುತ್ತದೆ. ಬೊಬ್ಬೆ ಎದ್ದದ್ದಕ್ಕೆ ಎರಡು ವಾರ ಬೇಕು, ಕೆಲವೊಮ್ಮೆ ಮೂರು. ಕೊಬ್ಬರಿ ಎಣ್ಣೆಯ ಸರದಿ ಚರ್ಮ ಪೂರ್ತಿ ಕೂಡಿದ ಮೇಲೆ, ತುರಿಕೆ ಶುರುವಾದಾಗ. ಆ ಜಾಗವನ್ನು ಕೆಲವು ತಿಂಗಳು ಬಿಸಿಲಿಗೆ ಒಡ್ಡದಿದ್ದರೆ ಕಲೆ ಅಷ್ಟು ಕಪ್ಪಾಗುವುದಿಲ್ಲ.