ಹಂದಿ ಹಿಡಿಯದ ನಾಯಿಗಳೇ ನನ್ನ ಗದ್ದೆ ಉಳಿಸಿದವು

ಕಳೆದ ಹುತ್ತರಿ ಸುಗ್ಗಿ ಹಬ್ಬ ಮುಗಿದು ಮೂರನೇ ದಿನ ಪಕ್ಕದ ತೋಟದ ಮಾವ ನಮ್ಮ ಗೇಟಿಗೆ ಬಂದರು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ಮೆಲ್ಲಗೆ, "ನಿನ್ನ ಕರಿಚಿ ಈ ಸಲ ಮರಿ ಹಾಕಿದರೆ ನನಗೊಂದು ಇರಲಿ ಮಾರಾಯ" ಅಂದರು. ಐದು ವರ್ಷದ ಹಿಂದೆ ಇದೇ ಗೇಟಿನ ಹತ್ತಿರ ನಿಂತು, "ಕೋವಿ ಇರುವ ಮನೆಯವನು ನಾಯಿಯನ್ನು ಪಂಜರದಲ್ಲಿ ಕೂರಿಸಿ ಹಂದಿ ಕಾಯ್ತಾನಂತೆ" ಎಂದು ನಾಲ್ಕು ಜನರ ಮುಂದೆ ನಕ್ಕವರೂ ಅವರೇ. ಅದಕ್ಕೇ ಇದನ್ನು ಬರೆಯಲು ಕೂತೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ನಮ್ಮದು ಕೊಡಗಿನ ಬಾಳೆಲೆ ಊರಿನ ಕಡೆ. ಗದ್ದೆ ಮೂರು ಎಕರೆ ಚಿಲ್ಲರೆ, ಮೇಲೆ ಏಳೆಂಟು ಎಕರೆ ರೊಬಸ್ಟಾ ಕಾಫಿ. ಒಂದು ಬದಿಗೆ ದೇವರಕಾಡು, ಕೆಳಗೆ ಕೊಲ್ಲಿ ಎಂದರೆ ನೀರು ಹರಿಯುವ ತಗ್ಗು, ಇನ್ನೊಂದು ಬದಿಗೆ ಪಾಳು ಬಿಟ್ಟ ಗದ್ದೆ. ಆ ಪಾಳು ಗದ್ದೆಯೇ ನನ್ನ ಕಷ್ಟದ ಬೇರು. ಆಳು ಸಿಗಲ್ಲ, ಕೂಲಿ ಗಿಟ್ಟಲ್ಲ ಎಂದು ಒಬ್ಬೊಬ್ಬರೇ ಬೇಸಾಯ ಬಿಟ್ಟರು. ಲಂಟಾನ ಎಂಬ ಕಳೆಪೊದೆ ಬೆಳೆಯಿತು. ಮೊದಲು ಹಂದಿ ನಾಗರಹೊಳೆ ಕಡೆಯಿಂದ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತಿತ್ತು. ಈಗ ಅದಕ್ಕೆ ಹೋಗುವ ಅಗತ್ಯವೇ ಇಲ್ಲ. ಹಗಲು ಲಂಟಾನದೊಳಗೆ ಮಲಗುತ್ತದೆ, ರಾತ್ರಿ ನನ್ನ ಗದ್ದೆಗೆ ಊಟಕ್ಕೆ ಬರುತ್ತದೆ. 2019ರಲ್ಲಿ ಕೊಲ್ಲಿ ಬದಿಯ ಒಂದು ಎಕರೆಯಲ್ಲಿ ನನಗೆ ಸಿಕ್ಕಿದ್ದು ಆರೋ ಏಳೋ ಚೀಲ ಭತ್ತ. ತೆನೆ ಹಾಲು ತುಂಬುವ ಹೊತ್ತಿಗೆ ಒಂದು ಹಿಂಡು ಎರಡು ರಾತ್ರಿ ಬಂದರೆ ಸಾಕು. ತಿಂದದ್ದಕ್ಕಿಂತ ಹೊರಳಾಡಿ ಮಲಗಿಸಿದ್ದೇ ಜಾಸ್ತಿ. ಎರೆಹುಳಕ್ಕೆಂದು ಬದು ಬಗೆದದ್ದು ಬೇರೆ.

ನೀವೆಲ್ಲ ಮಾಡಿದ್ದನ್ನು ನಾನೂ ಮಾಡಿದ್ದೇನೆ. ಹಳೇ ಸೀರೆ ಕಟ್ಟಿದೆ, ಹದಿನೈದು ದಿನ ನಡೆಯಿತು. ಕ್ಷೌರದ ಅಂಗಡಿಯಿಂದ ಕೂದಲು ತಂದು ಚೆಲ್ಲಿದೆ, ಒಂದೇ ಮಳೆಗೆ ತೊಳೆದು ಹೋಯಿತು. ರಾತ್ರಿ ಕಾವಲಿಗೆ ಆಳು ಇಟ್ಟೆ. ಐನೂರು ರೂಪಾಯಿ ಸಂಬಳ, ಮೇಲೆ ಬೀಡಿ, ಟಾರ್ಚಿನ ಸೆಲ್ಲು. ಅವನು ಅಟ್ಟಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ, ಹಂದಿ ಅಟ್ಟಣೆಯ ಕೆಳಗೇ ಮೇಯುತ್ತಿತ್ತು. ಸೋಲಾರ್ ಬೇಲಿಗೆ ಎಂಬತ್ತು ಸಾವಿರದ ಮೇಲೆ ಹೋಯಿತು. ನಮ್ಮ ಮಳೆಯಲ್ಲಿ ವಾರಕ್ಕೊಮ್ಮೆ ಹುಲ್ಲು ಸವರದಿದ್ದರೆ ಕೆಳಗಿನ ತಂತಿಗೆ ಹುಲ್ಲು ತಾಗಿ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ. ಜುಲೈಯಲ್ಲಿ ಯಾರು ಸವರುತ್ತಾರೆ? ನಾಟಿಗೇ ಜನ ಇಲ್ಲ. ಅದರ ಬ್ಯಾಟರಿ ಈಗ ಕೊಟ್ಟಿಗೆಯ ದೀಪಕ್ಕೆ ಆಗಿದೆ.

ಉರುಳು ಹಾಕು ಎಂದವರೂ ಇದ್ದರು. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ, ಹುಲಿ ಬೀಳುತ್ತದೆ, ನಮ್ಮದೇ ದನ, ನಾಯಿ ಬೀಳುತ್ತವೆ. ಮತ್ತೆ ಕೇಸು ಯಾರ ಮೇಲೆ? ಅದು ಬೇಡವೇ ಬೇಡ ಎಂದೆ.

ನಾಯಿಯ ಯೋಚನೆ ಬಂದದ್ದು ಮೊಬೈಲಿನಿಂದ. ಅಮೆರಿಕದ ಟೆಕ್ಸಾಸ್‌ನವರು ನಾಯಿ ಬಿಟ್ಟು ಹಂದಿ ಹಿಡಿಯುವ ವಿಡಿಯೋ ರಾತ್ರಿಯೆಲ್ಲ ನೋಡುತ್ತಿದ್ದೆ. ಅಲ್ಲಿ ಬೊಗಳಿ ತಡೆದು ನಿಲ್ಲಿಸುವ ನಾಯಿ ಬೇರೆ, ನುಗ್ಗಿ ಕಿವಿ ಕಚ್ಚುವ ನಾಯಿ ಬೇರೆ. ಕುತ್ತಿಗೆಗೆ ಜಿಪಿಎಸ್ ಪಟ್ಟಿ, ಎದೆಗೆ ಕೆವ್ಲಾರ್ ಅಂಗಿ. ನೋಡಲು ಚೆಂದವೇ. ಆದರೆ ಅಲ್ಲಿಯ ಹಂದಿ ಹೊರಗಿನದು, 16ನೇ ಶತಮಾನದಲ್ಲಿ ಸ್ಪೇನಿನವರ ಜೊತೆ ಹಡಗಿನಲ್ಲಿ ಬಂದ ಸಾಕುಹಂದಿಗಳಿಂದ ಶುರುವಾದ ಸಂತಾನ. ಅದಕ್ಕೆ ಅವರು ವರ್ಷವಿಡೀ ಬೇಟೆಯಾಡುತ್ತಾರೆ. ನಮ್ಮ ಹಂದಿ ಈ ಕಾಡಿನದೇ. ಹುಲಿಯ ಊಟವೂ ಹೌದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೊಲ್ಲುವುದು ಮಾತ್ರವಲ್ಲ, ಬೆನ್ನಟ್ಟಿಸುವುದು, ಅಟ್ಟುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತದೆ. ತಾತನ ಕಾಲದಲ್ಲಿ ಕೈಲ್‌ಪೋದ್ ಎಂಬ ಆಯುಧ ಪೂಜೆಯ ಹಬ್ಬ ಮುಗಿಸಿ ನಾಯಿ ಕಟ್ಟಿಕೊಂಡು ಕಾಡಿಗೆ ಹೋಗುತ್ತಿದ್ದರು, ನಿಜ. ಈಗ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟರೆ ಆಯಿತು. ಪಂದಿ ಕರಿ ಎಂಬ ಹಂದಿ ಸಾರಿಗೆ ಗೋಣಿಕೊಪ್ಪದಲ್ಲಿ ಸಾಕುಹಂದಿ ಸಿಗುತ್ತದೆ. ಅದಕ್ಕೆ ಹಾಕುವ ಹುಳಿ ಕಾಚಂಪುಳಿ ಮನೆಯಲ್ಲೇ ಇದೆ.

ಇಷ್ಟು ಬುದ್ಧಿ ಈಗ ಹೇಳುತ್ತಿದ್ದೇನೆ. ಆಗ ಇರಲಿಲ್ಲ.

ಮೊದಲು ತಂದದ್ದು ಮುಧೋಳ. ಹನ್ನೆರಡು ಸಾವಿರ ಕೊಟ್ಟೆ. ಸೈನ್ಯಕ್ಕೆ ಹೋದ ನಾಯಿ ಎಂಬ ಹೆಮ್ಮೆ ಬೇರೆ. ಅದು ಕಣ್ಣಿನಲ್ಲಿ ನೋಡಿ ಓಡುವ ಜಾತಿ, ಬಯಲುಸೀಮೆಯ ಮೊಲಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಕಾಫಿ ಗಿಡದ ಸಂದಿಯಲ್ಲಿ ಹತ್ತು ಅಡಿ ಆಚೆ ಏನೂ ಕಾಣುವುದಿಲ್ಲ. ತೆಳು ಚರ್ಮ, ಮೈಯಲ್ಲಿ ಕೊಬ್ಬಿಲ್ಲ. ಆಟಿ ತಿಂಗಳ ಜೋರು ಮಳೆಗೆ ಗಡಗಡ ನಡುಗುತ್ತ ಒಲೆಯ ಹತ್ತಿರ ಕೂತದ್ದು ಎದ್ದೇ ಇಲ್ಲ. ನಾಯಿಯ ತಪ್ಪಲ್ಲ, ನನ್ನದು. ಮೈಸೂರಿನ ನೆಂಟರಿಗೆ ಕೊಟ್ಟೆ, ಅಲ್ಲಿ ಸುಖವಾಗಿದೆ.

ಆಮೇಲೆ ಕೊಂಬೈ. ತೇನಿ ಜಿಲ್ಲೆಯ ತಳಿ, ಹಂದಿಗೆ ಹೆಸರಾದದ್ದು. ಹೆಸರು ಸುಳ್ಳಲ್ಲ. ರಾಜ ಎಂದು ಕರೆದೆವು. ಎರಡನೇ ತಿಂಗಳಲ್ಲೇ ಒಂದು ರಾತ್ರಿ ಬೇಲಿ ಹಾರಿ ಒಂಟಿ ಗಂಡುಹಂದಿಯ ಮೇಲೆ ಬಿದ್ದ. ಗಂಡುಹಂದಿ ಓಡುವುದಿಲ್ಲ. ತಲೆ ತಗ್ಗಿಸಿ ಕೋರೆಯಿಂದ ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ರಾಜನ ತೊಡೆಸಂದಿಯಿಂದ ಹೊಟ್ಟೆಯವರೆಗೆ ಒಂದು ಗೇಣು ಸೀಳಿತ್ತು. ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ರಾತ್ರಿ ಒಂದು ಗಂಟೆಗೆ ಡಾಕ್ಟರ ಬಾಗಿಲು ಬಡಿದೆ. ಒಳಗೆ ಹೊರಗೆ ಸೇರಿ ಇಪ್ಪತ್ತಕ್ಕಿಂತ ಜಾಸ್ತಿ ಹೊಲಿಗೆ. ಔಷಧಿ, ಡ್ರೆಸ್ಸಿಂಗ್ ಎಲ್ಲ ಸೇರಿ ಆರು ಸಾವಿರ ಆಗಿರಬೇಕು. ಡಾಕ್ಟರು ಕೈ ತೊಳೆಯುತ್ತ, "ಇವನು ಧೈರ್ಯಶಾಲಿ. ನಿಮಗೆ ಬೇಕಾದದ್ದು ಹೆದರುಪುಕ್ಕಲ" ಅಂದರು. ತಮಾಷೆಗೆ ಅಂದದ್ದು. ನನಗೆ ಆ ಮಾತೇ ದಾರಿಯಾಯಿತು. ರಾಜ ಬದುಕಿದ. ಕುಂಟುತ್ತಾನೆ, ಜಗಲಿಯಲ್ಲಿ ಮಲಗಿ ಪಿಂಚಣಿ ತಿನ್ನುತ್ತಿದ್ದಾನೆ.

ಗದ್ದೆ ಕಾಯಲು ಹಂದಿಯನ್ನು ಹಿಡಿಯುವ ನಾಯಿ ಬೇಡ, ಓಡಿಸುವ ನಾಯಿಯೂ ಬೇಡ. ನಿಂತಲ್ಲೇ ನಿಂತು ಬೊಗಳುವ ನಾಯಿ ಬೇಕು.

ಅಂಥ ನಾಯಿ ದುಡ್ಡು ಕೊಟ್ಟರೆ ಸಿಗುವುದಿಲ್ಲ. ತೋಟದ ಕೆಲಸಕ್ಕೆ ಬರುವ, ಹಾಡಿ ಎಂದರೆ ಬುಡಕಟ್ಟು ಜನರ ಕೇರಿಯ ಅಜ್ಜ ಒಂದು ನಾಟಿ ಹೆಣ್ಣುಮರಿ ತಂದುಕೊಟ್ಟರು. ದುಡ್ಡು ಮುಟ್ಟಲಿಲ್ಲ, ಒಂದು ಚೀಲ ಅಕ್ಕಿ ಕಳಿಸಿದೆ. ಅದೇ ಕರಿಚಿ. ಮರಿ ಆರಿಸುವುದನ್ನು ಕಲಿಸಿದ್ದೂ ಅಜ್ಜನೇ. ಹಂದಿ ಹೊರಳಿದ ಕೆಸರನ್ನು ಗೋಣಿಚೀಲಕ್ಕೆ ಮೆತ್ತಿ, ಹಗ್ಗ ಕಟ್ಟಿ, ಮೂರು ತಿಂಗಳ ಮರಿಗಳ ಮುಂದೆ ಎಳೆಯಬೇಕು. ಬಾಲ ಮುದುಡಿ ಓಡುವ ಮರಿ ಬೇಡ. ಹೋಗಿ ಚೀಲ ಕಚ್ಚುವ ಮರಿಯೂ ಬೇಡ, ಅದು ನಾಳೆಯ ರಾಜ. ನಾಲ್ಕು ಹೆಜ್ಜೆ ಹಿಂದೆ ಸರಿದು, ಕೂದಲು ನಿಗುರಿಸಿ, ನಿಂತು ಬೊಗಳುವ ಮರಿ ಇಟ್ಟುಕೊಳ್ಳಿ. ಐದಾರು ಮರಿಗಳಲ್ಲಿ ಒಂದೋ ಎರಡೋ ಸಿಗುತ್ತವೆ. ಕೆಸರಿನ ಜೊತೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕರಿಚಿಗಿಂತ ಮೊದಲು ಇನ್ನೊಂದು ನಾಟಿ ನಾಯಿ ಇತ್ತು. ಅದನ್ನು ಕೊಲ್ಲಿ ಬದಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದೆ. ಹನ್ನೊಂದು ದಿನ ಚೆನ್ನಾಗಿ ಬೊಗಳಿತು. ಹನ್ನೆರಡನೇ ಬೆಳಿಗ್ಗೆ ಹೋದರೆ ಸರಪಳಿ ಮಾತ್ರ ಇತ್ತು, ಕೆಸರಿನಲ್ಲಿ ಚಿರತೆಯ ಹೆಜ್ಜೆ. ನಾಯಿಯನ್ನು ಕಟ್ಟಿ ಹಾಕುವುದೆಂದರೆ ಚಿರತೆಗೆ ತಟ್ಟೆಯಲ್ಲಿ ಬಡಿಸಿದ ಹಾಗೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆ. ಕರಿಚಿಗೆ ಚಿರತೆ ಕುತ್ತಿಗೆ ಹಿಡಿಯದಿರಲಿ ಎಂದು ಮೊಳೆ ಇರುವ ಕಬ್ಬಿಣದ ಪಟ್ಟಿ ಮಾಡಿಸಿದೆ, ಕುತ್ತಿಗೆಯೆಲ್ಲ ಹುಣ್ಣಾಯಿತು. ಆಮೇಲೆ ಬಂದದ್ದೇ ಪಂಜರ.

ಮೂರು ಪಂಜರ ಮಾಡಿಸಿದೆ. ಆಂಗಲ್ ಮತ್ತು ದಪ್ಪ ವೆಲ್ಡ್‌ಮೆಶ್, ನೆಲದಿಂದ ನಾಲ್ಕು ಅಡಿ ಎತ್ತರ, ಮೇಲೆ ಶೀಟು, ಒಳಗೆ ಹಲಗೆ, ಬೈಹುಲ್ಲು. ಒಂದಕ್ಕೆ ಹತ್ತು ಹನ್ನೊಂದು ಸಾವಿರ ಬಿತ್ತು. ಮೆಶ್ಶಿನ ಕಣ್ಣು ಚಿಕ್ಕದಿರಲಿ, ಚಿರತೆಯ ಕೈ ಒಳಗೆ ಹೋಗಬಾರದು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಮೊದಲ ವರ್ಷ ಪಂಜರವನ್ನು ಬಾಣೆಯಲ್ಲಿ, ಎಂದರೆ ಗದ್ದೆಯ ಮೇಲಿನ ಎತ್ತರದ ಜಾಗದಲ್ಲಿ ಇಟ್ಟೆ. ಎಲ್ಲ ಕಾಣುತ್ತದೆ ಅಲ್ವಾ ಎಂಬ ಲೆಕ್ಕ. ಹಂದಿ ಗದ್ದೆಗಿಳಿದು ಅರ್ಧ ಗಂಟೆಯಾದರೂ ಕರಿಚಿ ಸುಮ್ನೆ ಮಲಗಿರುತ್ತಿದ್ದಳು. ಊರವರು ನಕ್ಕದ್ದು ಆಗಲೇ. ತಪ್ಪು ಗೊತ್ತಾದದ್ದು ಬೀಡಿ ಹೊಗೆಯಿಂದ. ಒಂದು ರಾತ್ರಿ ಅಲ್ಲೇ ಕೂತು ಬೀಡಿ ಹಚ್ಚಿದೆ, ಹೊಗೆಯೆಲ್ಲ ಕೊಲ್ಲಿಯ ಕಡೆಗೆ ಇಳಿದು ಹೋಯಿತು. ಮಳೆ ಬಿಟ್ಟ ಮೇಲೆ ರಾತ್ರಿ ತಂಪು ಗಾಳಿ ಗುಡ್ಡದಿಂದ ತಗ್ಗಿಗೆ ಜಾರುತ್ತದೆ. ನಾಯಿ ಕಾಯುವುದು ಮೂಗಿನಿಂದ, ಕಣ್ಣಿನಿಂದ ಅಲ್ಲ. ಪಂಜರವನ್ನು ಅರವತ್ತು ಎಪ್ಪತ್ತು ಹೆಜ್ಜೆ ಕೆಳಗೆ, ಹಂದಿದಾರಿ ಕೊಲ್ಲಿ ದಾಟುವ ಜಾಗಕ್ಕಿಂತ ತಗ್ಗಿಗೆ ಇಳಿಸಿದೆ. ಅಂದೇ ರಾತ್ರಿ ಹಂದಿ ಬೇಲಿ ಮುಟ್ಟುವ ಮೊದಲೇ ಬೊಗಳು ಶುರುವಾಯಿತು. ಹಂದಿ ಅಲ್ಲೇ ನಿಂತು, ಗುರ್ ಎಂದು, ವಾಪಸ್ ತಿರುಗಿದ ಸದ್ದು ನನ್ನ ಕಿವಿಯಾರೆ ಕೇಳಿದೆ. ಸಂತೋಷಕ್ಕೆ ಹೆಂಡತಿಗೆ ಫೋನ್ ಮಾಡಿ ಎಬ್ಬಿಸಿ ಬೈಸಿಕೊಂಡೆ.

ಹಂದಿ ದಡ್ಡ ಪ್ರಾಣಿಯಲ್ಲ. ಪಂಜರದ ನಾಯಿ ಹೊರಗೆ ಬರುವುದಿಲ್ಲ ಎಂದು ಮೂರು ವಾರದಲ್ಲಿ ಕಲಿತುಬಿಟ್ಟಿತು. ಹಾಗಾಗಿ ಕೆಂಪ, ಜಾನಿ ಎಂಬ ಎರಡು ಗಂಡುನಾಯಿಗಳನ್ನು ಬೇಲಿಯ ಒಳಗೆ ಬಿಡಲು ಶುರುಮಾಡಿದೆ. ಕರಿಚಿ ಬೊಗಳಿದರೆ ಇಬ್ಬರೂ ಆ ಮೂಲೆಗೆ ಓಡಿ ಬೇಲಿಗೆ ಮೂಗಿಟ್ಟು ಗದ್ದಲ ಮಾಡುತ್ತಾರೆ. ಅಷ್ಟೇ ಕೆಲಸ. ಇನ್ನೊಂದು ಹೆಣ್ಣುನಾಯಿ ಬೊಳ್ಳಿಯನ್ನೂ ಸೇರಿಸಿ, ಯಾವ ಪಂಜರದಲ್ಲಿ ಯಾವ ರಾತ್ರಿ ಯಾರು ಎಂಬುದನ್ನು ಬದಲಾಯಿಸುತ್ತಾ ಇರುತ್ತೇನೆ. ಹಂದಿಗೆ ಲೆಕ್ಕ ಸಿಗಬಾರದು. ಬಿಟ್ಟ ನಾಯಿಗಳಿಗೂ ಚಿರತೆಯ ಭಯ ಇದ್ದೇ ಇದೆ. ಅದಕ್ಕೆ ಇಬ್ಬರನ್ನೂ ಜೊತೆಯಾಗಿಯೇ ಬಿಡುವುದು, ಹಾಲು ತುಂಬುವ ಹೊತ್ತಿನಿಂದ ಕೊಯ್ಲಿನವರೆಗೆ, ನಾನು ಅಟ್ಟಣೆಯಲ್ಲಿ ಇರುವ ಐವತ್ತು ಅರವತ್ತು ರಾತ್ರಿ ಮಾತ್ರ. ಬೇಲಿಯನ್ನು ಹೆಚ್ಚು ಗಟ್ಟಿ ಮಾಡಿಲ್ಲ, ಅಡಿಕೆ ದಬ್ಬೆ ಮತ್ತು ಹಳೇ ಸೋಲಾರ್ ತಂತಿ. ಅದು ಹಂದಿಗಿಂತ ನಾಯಿಗೇ ಗಡಿ. ದಾಟಿದರೆ ಮರುದಿನ ಕೆಲಸ ಇಲ್ಲ, ಕೊಟ್ಟಿಗೆಯಲ್ಲಿ ಕಟ್ಟು. ಗಡಿ ಕಲಿಸಲು ಎರಡು ತಿಂಗಳು ದಿನಾ ಸಂಜೆ ಅವರ ಜೊತೆ ಬೇಲಿಯ ಉದ್ದಕ್ಕೂ ನಡೆದೆ. ಮುಳ್ಳುಹಂದಿ, ಪುನುಗುಬೆಕ್ಕಿಗೆ ಬೊಗಳದ ಹಾಗೆ ಹೇಗೆ ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಮರಿ ತೆಗೆದುಕೊಂಡು ಹೋದವರಿಗೆ ಮಾತ್ರ ಹೇಳುತ್ತೇನೆ.

ಆನೆಯ ವಿಷಯ ಮಾತ್ರ ಮುಚ್ಚಿಡುವುದಿಲ್ಲ. ನಾಯಿ ಆನೆಗೆ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬರುತ್ತದೆ, ನಾಯಿ ನೇರ ನಮ್ಮ ಕಾಲ ಬುಡಕ್ಕೇ ಓಡಿ ಬರುತ್ತದೆ. 2021ರಲ್ಲಿ ಜಾನಿ ನನಗೆ ಈ ಉಪಕಾರ ಮಾಡಿದ. ಸಿಲ್ವರ್ ಮರದ ಹಿಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಂದಿನಿಂದ, ಆನೆ ಇದೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದರೆ ಅಷ್ಟೂ ನಾಯಿಗಳು ಕೊಟ್ಟಿಗೆಯೊಳಗೆ, ಬಾಗಿಲಿಗೆ ಚಿಲಕ. ಆ ರಾತ್ರಿ ಹಂದಿ ಬಂದು ತಿಂದರೆ ತಿನ್ನಲಿ.

ನಡುವೆ ಕೆಲವು ಹುಚ್ಚಾಟಗಳೂ ನಡೆದವು. ಕರಿಚಿಯ ಬೊಗಳನ್ನು ಮೊಬೈಲಿನಲ್ಲಿ ಹಿಡಿದು ಸ್ಪೀಕರಿನಲ್ಲಿ ಹಾಕಿದೆ. ಒಂಬತ್ತನೇ ರಾತ್ರಿ ಹಂದಿಗಳು ಸ್ಪೀಕರಿನ ಕಂಬದ ಬುಡವನ್ನೇ ಬಗೆದಿದ್ದವು. ಹುಲಿಯ ಗರ್ಜನೆ ಹಾಕಿದೆ. ಹಂದಿ ಬಂತೋ ಇಲ್ಲವೋ ತಿಳಿಯಲಿಲ್ಲ, ಮಾವನ ಎರಡು ಹಸು ಹಗ್ಗ ಕಿತ್ತುಕೊಂಡು ರಸ್ತೆಗೆ ಬಂದವು. ಅವರ ನಗುವಿಗೆ ಇದೂ ಒಂದು ಕಾರಣ ಇರಬಹುದು.

ಇನ್ನು ದುಡ್ಡು. ರಾಜನೂ ಸೇರಿ ಐದು ನಾಯಿಗಳಿಗೆ ಅಕ್ಕಿ, ಕೋಳಿ ಅಂಗಡಿಯ ತಲೆ ಕಾಲು ಬೇಯಿಸಿದ್ದು, ತಿಂಗಳಿಗೆ ನಾಲ್ಕರಿಂದ ಐದು ಸಾವಿರ. ಹುಚ್ಚುನಾಯಿ ರೋಗದ ಸೂಜಿ, ಡಿಸ್ಟೆಂಪರ್ ಮತ್ತು ಪಾರ್ವೋ ಸೇರಿದ ಸೂಜಿ, ಹುಳದ ಮಾತ್ರೆ, ಉಣ್ಣಿಗೆ ಔಷಧಿ, ವರ್ಷಕ್ಕೆ ಎಂಟು ಸಾವಿರ ಇರಬಹುದು. ಸೂಜಿ ತಪ್ಪಿಸಬೇಡಿ. ಒಂದು ಸಲ ಪಾರ್ವೋ ಬಂದು ನಾಲ್ಕು ಮರಿ ಒಂದೇ ವಾರದಲ್ಲಿ ಹೋದವು. ಡಿಸ್ಟೆಂಪರ್ ನಮ್ಮ ನಾಯಿಯಿಂದ ಕಾಡಿನ ಸೀಳುನಾಯಿಗೂ, ಹುಲಿ ಚಿರತೆಗೂ ದಾಟುತ್ತದೆ. ಕಾಡಿನ ಅಂಚಿನಲ್ಲಿ ನಾಯಿ ಸಾಕುವವನಿಗೆ ಆ ಜವಾಬ್ದಾರಿಯೂ ಇದೆ. ಒಟ್ಟು ವರ್ಷಕ್ಕೆ ಅರವತ್ತು ಎಪ್ಪತ್ತು ಸಾವಿರ ಖರ್ಚು. ಭತ್ತಕ್ಕೆ ಕ್ವಿಂಟಲಿಗೆ ಎರಡು ಸಾವಿರದ ಆಸುಪಾಸು ಸಿಗುತ್ತಿದ್ದಾಗ ಬರೀ ಗದ್ದೆಯ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಸರಿಸಮ ಆಗುತ್ತಿತ್ತು. ಆದರೆ ಗೊಬ್ಬರ ಹಾಕಿದ ಮೇಲೆ ಕಾಫಿ ಗಿಡದ ಬುಡ ಬಗೆಯುವುದು ನಿಂತಿದೆ, ಬಾಳೆ ಉಳಿದಿದೆ, ಎರಡು ವರ್ಷದಿಂದ ಮನೆಗೆ ಬೇಕಾದ ಗೆಣಸು, ಕೆಸು ಬೆಳೆಯುತ್ತಿದ್ದೇವೆ. ಕೊಲ್ಲಿ ಬದಿಯ ಆ ಒಂದು ಎಕರೆಯಲ್ಲಿ ಕಳೆದ ಸಲ ಹದಿನೇಳೋ ಹದಿನೆಂಟೋ ಕ್ವಿಂಟಲ್ ಬಂತು. ಬೇಕಾದರೆ ಕಣಕ್ಕೆ ಬಂದು ಚೀಲ ಎಣಿಸಿದ ಮಾವನನ್ನೇ ಕೇಳಿ.

ಆ ಒಂಟಿ ಗಂಡುಹಂದಿ ಈಗಲೂ ತಿಂಗಳಿಗೊಮ್ಮೆ ಬರುತ್ತದೆ. ಅದಕ್ಕೆ ನಾಯಿ, ಬೆಂಕಿ, ನಾನು ಯಾವುದೂ ಲೆಕ್ಕಕ್ಕಿಲ್ಲ. ಬೇಲಿ ಮುರಿದು ಒಳಗೆ ಬಂದರೆ ಸೀಟಿ ಹೊಡೆದು ನಾಯಿಗಳನ್ನು ಹಿಂದಕ್ಕೆ ಕರೆಯುತ್ತೇನೆ. ಅದು ತಿಂದು ಹೋಗುತ್ತದೆ, ಒಂದು ರಾತ್ರಿಗೆ ಒಂದು ಹಾಸಿಗೆಯಷ್ಟು ಜಾಗ. ಕರಿಚಿ ಈಗ ಗಬ್ಬ. ಫೆಬ್ರವರಿ ಕೊನೆಗೆ ಮರಿ ಹಾಕಬಹುದು. ಒಂದು ಮಾವನಿಗೆ, ಒಂದು ಅಜ್ಜನ ಹಾಡಿಗೆ ಎಂದು ಮಾತಾಗಿದೆ. ಉಳಿದದ್ದು ಚೀಲ ಎಳೆದು ನೋಡಿದ ಮೇಲೆ.