ಸೋಪಿನ ಡಬ್ಬಿಯಂತಿದ್ದ ನೌಕೆಗೆ ಕೊಳೆ ಹಿಡಿಸಿದ್ದು

ಹೋದ ಮಳೆಗಾಲದಲ್ಲಿ ನಾನು ಮಾಡಿದ ಅಂತರಿಕ್ಷ ನೌಕೆಯ ಮಾಡೆಲ್ ಬಣ್ಣ ಹೊಡೆದ ಮೇಲೆ ಥೇಟ್ ಸೋಪಿನ ಡಬ್ಬಿ ತರ ಕಾಣುತ್ತಿತ್ತು. ಕಿಟ್ ತಂದು ಜೋಡಿಸಿದ್ದಲ್ಲ. ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಮೈ ಮಾಡಿಕೊಂಡು, ಅದರ ಮೇಲೆ ಹಳೇ ಯುದ್ಧ ಟ್ಯಾಂಕ್ ಕಿಟ್‌ಗಳಲ್ಲಿ ಮಿಕ್ಕಿದ ಚಕ್ರ, ಕೊಂಡಿ, ಖಾಲಿ ಪೆನ್ನಿನ ಕೊಳವೆ, ಕೆಟ್ಟ ರೇಡಿಯೋದ ಚೂರುಪಾರು ಎಲ್ಲ ಅಂಟಿಸಿದ್ದೆ. 1970ರ ದಶಕದಲ್ಲಿ ಸಿನಿಮಾಕ್ಕೆ ಮಾಡೆಲ್ ಮಾಡುವವರೂ ಹೀಗೇ ಅಂಗಡಿಯ ಟ್ಯಾಂಕ್, ಹಡಗು, ವಿಮಾನದ ಕಿಟ್‌ಗಳಿಂದ ಬಿಡಿಭಾಗ ಕಿತ್ತು ನೌಕೆಗೆ ಮೆತ್ತುತ್ತಿದ್ದರು. ಗ್ರೀಬಲ್ ಅಂತಾರೆ ಇದಕ್ಕೆ. ಮೂರು ವಾರ ಕೂತು ಇನ್ನೂರಕ್ಕಿಂತ ಜಾಸ್ತಿ ಗ್ರೀಬಲ್ ಅಂಟಿಸಿದ್ದೆ. ತಿಳಿಬೂದು ಬಣ್ಣ ಹೊಡೆದೆ ನೋಡಿ, ಒಂದೂ ಕಾಣಲಿಲ್ಲ.

ಮೊದಲು ಮಾಡಿದ ದಡ್ಡತನ ಅಂದ್ರೆ, ಉಬ್ಬಿದ ಭಾಗಕ್ಕೆಲ್ಲ ಸಣ್ಣ ಬ್ರಶ್‌ನಲ್ಲಿ ಬೇರೆ ಬಣ್ಣ ಬಳಿದಿದ್ದು. ಅರ್ಧ ಮಾಡುವಷ್ಟರಲ್ಲಿ ತೇರಿನ ತರ ಆಯ್ತು. ಅಳಿಸಿದೆ.

ಆಮೇಲೊಂದು ದಿನ ಸಾಗರಕ್ಕೆ ಹೋದವನು ಇಕ್ಕೇರಿ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ಹೊರಗೋಡೆಯ ಉಬ್ಬುಕೆತ್ತನೆ ಅಷ್ಟು ಚೆನ್ನಾಗಿ ಎದ್ದು ಕಾಣುವುದು ಯಾಕೆ ಅಂತ ಹತ್ತಿರ ಹೋಗಿ ನೋಡಿದರೆ, ಉಬ್ಬಿಗೆ ಏನೂ ಆಗಿಲ್ಲ. ಅದರ ಸುತ್ತಲಿನ ಸಂದಿನಲ್ಲಿ ಮಳೆಯ ಪಾಚಿ ಕಪ್ಪಾಗಿ ಒಣಗಿ ಕೂತಿದೆ, ಅಷ್ಟೇ. ಮಾಡೆಲ್ ಮಾಡುವವರು ತೆಳು ಬಣ್ಣವನ್ನು ಸಂದಿಗೆ ಹರಿಸುತ್ತಾರಲ್ಲ, ವಾಶ್ ಅಂತ, ಅದೂ ಇದೇ. ಉಬ್ಬನ್ನು ತೋರಿಸಬೇಕಾದರೆ ತಗ್ಗಿಗೆ ಬಣ್ಣ ಹಾಕಬೇಕು. 1/144 ಅಳತೆಯ ಮಾಡೆಲ್‌ನಲ್ಲಿ ಒಂದು ಮಿಲಿಮೀಟರ್ ಅಂದ್ರೆ ನಿಜವಾದ ನೌಕೆಯ 14 ಸೆಂಟಿಮೀಟರ್ ಚಿಲ್ಲರೆ. ಅಷ್ಟು ಸಣ್ಣ ಉಬ್ಬಿಗೆ ಬೀಳುವ ನೆರಳು ಕಣ್ಣಿಗೆ ಕಾಣಲ್ಲ, ಹಾಗಾಗಿ ನೆರಳನ್ನು ನಾವೇ ಬರೆಯಬೇಕು.

ಬಣ್ಣದ ಪಾಕ ಹೇಳ್ತೀನಿ. ಆಯಿಲ್ ಪೇಂಟ್ ಟ್ಯೂಬಿನಿಂದ ಬರ್ಂಟ್ ಅಂಬರ್ ಅನ್ನುವ ಗಾಢ ಕಂದು ಎರಡು ಪಾಲು, ಕಪ್ಪು ಒಂದು ಪಾಲು. ಬರೀ ಕಪ್ಪು ಹಾಕಬೇಡಿ, ತಿಳಿಬಣ್ಣದ ನೌಕೆಯ ಮೇಲೆ ಪೆನ್ನಲ್ಲಿ ಗೀಚಿದ ಹಾಗೆ ಕಾಣುತ್ತದೆ. ಬಣ್ಣವನ್ನು ರಟ್ಟಿನ ಚೂರಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಅದರಲ್ಲಿರುವ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬೇಗ ಒಣಗುತ್ತದೆ, ಹೊಳಪೂ ಕಮ್ಮಿ. ಆಮೇಲೆ ಟರ್ಪೆಂಟೈನ್ ಸೇರಿಸಿ ನಮ್ಮ ಕಷಾಯದಷ್ಟು ತೆಳು ಮಾಡಿಕೊಳ್ಳಬೇಕು. ಹಾಲು ಹಾಕದ ಕಷಾಯ. ಕಿಟಕಿ ತೆಗೆದಿಟ್ಟು ಮಾಡಿ, ವಾಸನೆಗೆ ತಲೆ ಹಿಡಿಯುತ್ತದೆ.

ಕೆಳಗಿನ ಬಣ್ಣ ಅಕ್ರಿಲಿಕ್ ಆಗಿರಬೇಕು, ಚೆನ್ನಾಗಿ ಒಣಗಿರಬೇಕು. ಆಗ ಟರ್ಪೆಂಟೈನ್ ಅದನ್ನು ಕರಗಿಸಲ್ಲ. ಅದರ ಮೇಲೆ ಹೊಳೆಯುವ ವಾರ್ನಿಶ್ ಒಂದು ಪದರ. ಈ ವಾರ್ನಿಶ್ ದಂಡ ಅಂತ ಮೊದಲ ಸಲ ಬಿಟ್ಟಿದ್ದೆ. ಮ್ಯಾಟ್ ಬಣ್ಣ ದೊರಗು ಅಲ್ವಾ, ವಾಶ್ ಸಂದಿಗೆ ಓಡುವ ಬದಲು ಇದ್ದಲ್ಲೇ ಹೀರಿಕೊಂಡಿತು. ಇಡೀ ನೌಕೆ ಚಾ ಚೆಲ್ಲಿದ ಬನಿಯನ್! ನುಣ್ಣಗಿದ್ದರೆ ಬಣ್ಣ ಜಾರಿ ತಾನೇ ಮೂಲೆಗೆ ಹೋಗುತ್ತದೆ, ಬೇಡದ್ದನ್ನು ಒರೆಸಲೂ ಬರುತ್ತದೆ.

ಆದರೆ ನಮ್ಮ ಮಲೆನಾಡಿನಲ್ಲಿ ತೊಂದರೆ ಶುರುವಾಗುವುದೇ ಈ ವಾರ್ನಿಶ್‌ನಲ್ಲಿ. ಜುಲೈನಲ್ಲಿ, ತೀರ್ಥಹಳ್ಳಿ ಕಡೆ ಒಗೆದ ಪಂಚೆ ನಾಲ್ಕು ದಿನವಾದರೂ ಒಣಗದ ಕಾಲದಲ್ಲಿ, ಸ್ಪ್ರೇ ಡಬ್ಬಿಯಿಂದ ವಾರ್ನಿಶ್ ಹೊಡೆದೆ. ಹತ್ತು ನಿಮಿಷಕ್ಕೆ ಮೇಲೆಲ್ಲ ಬಿಳಿ ಮಂಜು. ಸ್ಪ್ರೇಯ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಈಗ ಮಳೆಗಾಲದಲ್ಲಿ ಸ್ಪ್ರೇ ಮುಟ್ಟುವುದಿಲ್ಲ. ನೀರಲ್ಲಿ ಕಲಸುವ ಅಕ್ರಿಲಿಕ್ ವಾರ್ನಿಶ್ಶನ್ನು ಅಗಲ ಬ್ರಶ್‌ನಲ್ಲಿ ಎರಡು ತೆಳು ಪದರ ಹಚ್ಚಿ, ರಟ್ಟಿನ ಡಬ್ಬದೊಳಗೆ 40 ವಾಟ್ ಬಲ್ಬು ಉರಿಸಿ, ಅದರಿಂದ ಮಾರು ದೂರ ಅಲ್ಲದಿದ್ದರೂ ಒಂದು ಗೇಣಾದರೂ ದೂರ ಇಟ್ಟು ಎರಡು ದಿನ ಬಿಡುತ್ತೇನೆ. ಒಂದು ಸಲ ಹತ್ತಿರ ಇಟ್ಟಿದ್ದಕ್ಕೆ ಆಂಟೆನಾ ಬಾಗಿಹೋಯ್ತು. ಹಾಗೇ ಬಿಟ್ಟಿದ್ದೇನೆ, ಉಲ್ಕೆ ಬಡಿದಿದ್ದು ಅಂತ ಹೇಳಿಕೊಂಡು.

ಇನ್ನು ವಾಶ್. ಸೊನ್ನೆ ನಂಬರ್ ಬ್ರಶ್‌ನ ತುದಿ ಅದ್ದಿ ಒಂದು ಚೌಕ ಚೂರಿನ ಬುಡಕ್ಕೆ ಮುಟ್ಟಿಸಿದೆ. ಮುಟ್ಟಿಸಿದ್ದು ಒಂದೇ ಕಡೆ. ಬಣ್ಣ ಗೀಟಿನ ಹಾಗೆ ಓಡಿ, ಮೂಲೆಯಲ್ಲಿ ತಿರುಗಿ, ಇನ್ನೊಂದು ಬದಿಗೂ ಹೋಗಿ, ಪಕ್ಕದ ಕೊಳವೆಯ ಬುಡ ಹಿಡಿದು ನಿಂತಿತು. ಎರಡು ಸೆಕೆಂಡ್ ಅಷ್ಟೇ. ಆ ಚೂರು ಮೈಯಿಂದ ಎದ್ದು ಬಂದ ಹಾಗಾಯ್ತು, ನಿಜ ಹೇಳ್ತೀನಿ, ಕೂತಲ್ಲೇ ಶಿಳ್ಳೆ ಹೊಡೆದೆ. ಹೀಗೆ ಬೇಕಾದಲ್ಲಿ ಮಾತ್ರ ಮುಟ್ಟಿಸುವುದಕ್ಕೆ ಪಿನ್ ವಾಶ್ ಅಂತ ಹೆಸರು. ಇಡೀ ಮೈಗೆ ಬಳಿದು ಒರೆಸುವುದೂ ಒಂದು ರೀತಿ, ನನಗೆ ಅದು ಇಂಜಿನ್ ಕಡೆಗೆ ಮಾತ್ರ ಇಷ್ಟ.

ಒರೆಸುವುದು ಅರ್ಧ ಕೆಲಸ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು, ಇಯರ್ ಬಡ್‌ಗೆ ಟರ್ಪೆಂಟೈನ್ ತಾಗಿಸಿ, ಬಟ್ಟೆಗೆ ಒತ್ತಿ ಹೆಚ್ಚುಕಮ್ಮಿ ಒಣಗಿಸಿಕೊಂಡು, ಉಬ್ಬಿನ ನೆತ್ತಿ ಮಾತ್ರ ಒರೆಸಬೇಕು. ಒರೆಸುವ ದಿಕ್ಕು ಮೂತಿಯಿಂದ ಬಾಲಕ್ಕೆ. ಟ್ಯಾಂಕ್ ಮಾಡುವವರು ಮೇಲಿಂದ ಕೆಳಗೆ ಎಳೆಯುತ್ತಾರೆ, ಮಳೆನೀರು ಇಳಿದ ಗುರುತು ಬರಲಿ ಅಂತ. ಅಂತರಿಕ್ಷದಲ್ಲಿ ಎಲ್ಲಿಯ ಮಳೆ? ಆಗುಂಬೆಯಲ್ಲಿ ಇಳಿಯುವ ನೌಕೆಯಾದರೆ ಮಾತು ಬೇರೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯ್ತು. ಅಡಿಕೆ ಬೇಯಿಸಿದ ಚೊಗರು ಮನೆಯಲ್ಲೇ ಇದೆ, ಅದು ಅಡಿಕೆಯ ಸುಕ್ಕಿನಲ್ಲಿ ಎಷ್ಟು ಚಂದ ಕೂರುತ್ತದೆ, ಇದನ್ನೇ ಯಾಕೆ ಹಾಕಬಾರದು ಅಂತ. ವಾರ್ನಿಶ್ ಮೇಲೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಂತಿತು. ಪಾತ್ರೆ ಸೋಪು ಒಂದು ಹನಿ ಹಾಕಿದ ಮೇಲೆ ಹರಿಯಿತು, ಬಣ್ಣವೂ ಒಳ್ಳೇ ತುಕ್ಕಿನ ತರ ಬಂತು. ಆದರೆ ವಾರ ಬಿಟ್ಟು ನೋಡಿದರೆ ಅದರ ಮೇಲೆ ಬೂಸ್ಟು!

ನಿಜವಾದ ನಷ್ಟ ಆಗಿದ್ದು ಕಾಲಿನ ಹತ್ತಿರ. ನೌಕೆ ನಿಲ್ಲುವ ಮೂರು ಕಾಲಿನ ಸಂದಿಗೆ ಉದಾರವಾಗಿ ವಾಶ್ ಸುರಿದಿದ್ದೆ. ಒಳಗೆ ಬಣ್ಣ, ವಾರ್ನಿಶ್ ಏನೂ ತಾಗದ ಬರೀ ಪ್ಲಾಸ್ಟಿಕ್. ಬಿಗಿಯಾಗಿ ಸಿಕ್ಕಿಸಿದ ಜಾಗಕ್ಕೆ ಟರ್ಪೆಂಟೈನ್ ಇಳಿದು ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನೌಕೆ ಒಂದು ಕಡೆ ವಾಲಿದೆ, ಕಾಲು ಪಕ್ಕದಲ್ಲಿ ಬಿದ್ದಿದೆ. ಅಮ್ಮ ಕಸ ಗುಡಿಸುತ್ತಾ ನೋಡಿ, "ಎಂತ ಮಾರಾಯ, ಬೆಳ್ಳಗಿದ್ದಿದ್ದಕ್ಕೆ ಮಸಿ ಬಳಿದೆ, ಈಗ ಕಾಲೂ ಮುರಿದೆಯಾ?" ಅಂದರು. ಒಳಗೆ ತಂತಿ ಕೊಟ್ಟು ಅಂಟಿಸಿದೆ.

ವಾಶ್ ಪೂರ್ತಿ ಒಣಗಲು ನಾಲ್ಕು ದಿನ ಹಿಡಿಯಿತು. ಮೇಲೆ ಮ್ಯಾಟ್ ವಾರ್ನಿಶ್ ಹಚ್ಚಿ, ಕೊನೆಗೆ ಡ್ರೈಬ್ರಶ್: ಮೈಬಣ್ಣಕ್ಕಿಂತ ತಿಳಿಯಾದ ಬೂದು, ಹಳೇ ಚಪ್ಪಟೆ ಬ್ರಶ್, ಕಾಗದದ ಮೇಲೆ ಉಜ್ಜಿ ಉಜ್ಜಿ ಇನ್ನು ಬಣ್ಣವೇ ಇಲ್ಲ ಅನ್ನಿಸಿದಾಗ ಉಬ್ಬಿನ ಅಂಚಿಗೆ ಹಗುರಾಗಿ ಸವರುವುದು. ಇದನ್ನು ಜಾಸ್ತಿ ಮಾಡಿದರೆ ಸುಣ್ಣ ಮೆತ್ತಿದಂತೆ ಕಾಣುತ್ತದೆ, ನಾನು ಎಡಗಡೆ ಜಾಸ್ತಿ ಮಾಡಿದ್ದೇನೆ. ಶೋಕೇಸ್‌ನಲ್ಲಿ ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.