ಗೋಣಿಚೀಲದ ವಿಲನ್: ಕಾಸಿಲ್ಲದೆ ಕಾಮಿಕ್ಸ್ ವಿಲನ್ ಮೇಲೆ ಫ್ಯಾನ್ ಫಿಲಂ ಮಾಡೋದು ಹೇಗೆ

ಫ್ಯಾನ್ ಫಿಲಂ ಅಂದ್ರೆ ಅಭಿಮಾನಿಗಳೇ ತಮಗಿಷ್ಟದ ಪಾತ್ರದ ಮೇಲೆ ಮಾಡೋ ಚಿಕ್ಕ ಸಿನಿಮಾ. ನಮ್ಮ ಮೊದಲ ಫ್ಯಾನ್ ಫಿಲಂ ಬ್ಯಾಟ್‌ಮ್ಯಾನ್‌ನ ವಿಲನ್ ಜೋಕರ್ ಮೇಲೆ. ಮದುವೆ ಬ್ಯಾಂಡ್‌ನವರಿಂದ ನೇರಳೆ ಕೋಟು ಬಾಡಿಗೆಗೆ ತಂದು, ಗೆಳೆಯನ ಮುಖಕ್ಕೆ ಸ್ಟೇಷನರಿ ಅಂಗಡಿ ಪೋಸ್ಟರ್ ಕಲರ್ ಬಳಿದು, ಕೋಲಾರದ ಕ್ಲಾಕ್ ಟವರ್ ಹತ್ತಿರ ರಾತ್ರಿ ಹನ್ನೊಂದಕ್ಕೆ ಶೂಟ್ ಮಾಡಿದೆವು. ಅವನ ಮುಖ ಮೂರು ದಿನ ಕೆಂಪಗೆ ಊದಿಕೊಂಡಿತ್ತು. ಫಿಲಂ ನೋಡಿದ ನಮ್ಮ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಊರಿಗೆ ಸರ್ಕಸ್ ಬಂದಿತ್ತೇನ್ರೋ?"

ತಪ್ಪು ಬಣ್ಣದ್ದು ಮಾತ್ರ ಅಲ್ಲ. ನೂರಾರು ಕೋಟಿ ಸುರಿದು ಮಾಡಿದ ಸಿನಿಮಾದ ಕೋಟು, ನಗು, ನಡಿಗೆ ಎಲ್ಲವನ್ನೂ ನಾವು ಹಾಗೇ ನಕಲು ಮಾಡಿದ್ದೆವು, ಕಥೆಯನ್ನು ಮಾತ್ರ ನಮಗೆ ಬೇಕಾದ ಹಾಗೆ ಎಳೆದಿದ್ದೆವು. ಮಾಡಬೇಕಾಗಿದ್ದು ಉಲ್ಟಾ. ದುಡ್ಡು ತಿನ್ನೋದನ್ನೆಲ್ಲ ಬದಲಾಯಿಸಿ: ಬಟ್ಟೆ, ಊರು, ಆಯುಧ, ಹೆಸರು, ಬೇಕಿದ್ದರೆ ವಯಸ್ಸು, ಹೆಣ್ಣೋ ಗಂಡೋ ಅನ್ನೋದೂ ಕೂಡ. ಆ ವಿಲನ್‌ಗೆ ಎಲ್ಲಿ ನೋವಾಯ್ತು, ಅದಕ್ಕೆ ಈಗ ಅವನಿಗೆ ಏನು ಬೇಕು, ಇದನ್ನು ಮಾತ್ರ ಮುಟ್ಟಬೇಡಿ. ಅದಕ್ಕೆ ಪೈಸೆ ಖರ್ಚಿಲ್ಲ.

"ಕಾಮಿಕ್ಸ್‌ನಲ್ಲಿ ಹೀಗಿಲ್ಲ" ಅಂತ ಕಿರಿಕ್ ಮಾಡೋರು ಬಂದೇ ಬರುತ್ತಾರೆ. ಅವರಿಗೆ ಹೇಳೋಕೆ ಒಂದೆರಡು ವಿಷಯ ಗೊತ್ತಿರಲಿ. ಕಾಮಿಕ್ಸ್‌ನಲ್ಲಿ ಜೋಕರ್ ಕೆಮಿಕಲ್‌ಗೆ ಬಿದ್ದು ಬೆಳ್ಳಗಾದವನು. 2008ರ 'ದಿ ಡಾರ್ಕ್ ನೈಟ್' ಸಿನಿಮಾದಲ್ಲಿ ಅದು ಬರೀ ಮೇಕಪ್, ಬೆವರಿಗೆ ಕರಗೋ ಮೇಕಪ್. ಬ್ಯಾಟ್‌ಮ್ಯಾನ್‌ನ ಇನ್ನೊಬ್ಬ ವಿಲನ್ ಮಿಸ್ಟರ್ ಫ್ರೀಜ್ 1959ರಲ್ಲಿ ಮಿಸ್ಟರ್ ಝೀರೋ ಅನ್ನೋ ಹೆಸರಲ್ಲಿ ಬಂದಾಗ ಐಸ್ ಗನ್ ಹಿಡಿದ ಮಾಮೂಲಿ ಕಳ್ಳ. ಕಾಯಿಲೆ ಬಿದ್ದ ಹೆಂಡತಿ ನೋರಾಳನ್ನು ಅವನಿಗೆ ಕೊಟ್ಟಿದ್ದು 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿ, ಬರೆದವರು ಪಾಲ್ ಡಿನಿ. ಆಮೇಲೆ ಕಾಮಿಕ್ಸ್‌ನವರೇ ಆ ಕಥೆಯನ್ನು ತೆಗೆದುಕೊಂಡರು. ಜೋಕರ್‌ನ ಜೊತೆಗಾತಿ ಹಾರ್ಲಿ ಕ್ವಿನ್ ಅಂತೂ ಹುಟ್ಟಿದ್ದೇ ಅದೇ ಕಾರ್ಟೂನ್‌ನಲ್ಲಿ, ಕಾಮಿಕ್ಸ್‌ಗೆ ಬಂದಿದ್ದು ಆಮೇಲೆ. ಬದಲಾಯಿಸೋದು ತಪ್ಪಲ್ಲ, ಕಾರಣ ಇಲ್ಲದೆ ಬದಲಾಯಿಸೋದು ತಪ್ಪು.

ಇನ್ನು ವಿಲನ್ ಆರಿಸೋದು. 'ಕಡಿಮೆ ಬಜೆಟ್' ಅನ್ನೋ ಮಾತನ್ನೂ ಸ್ವಲ್ಪ ಹುಷಾರಾಗಿ ತಗೊಳ್ಳಿ. 2003ರಲ್ಲಿ ಬಂದು ಹೆಸರು ಮಾಡಿದ ಎಂಟು ನಿಮಿಷದ ಬ್ಯಾಟ್‌ಮ್ಯಾನ್ ಫ್ಯಾನ್ ಫಿಲಂಗೆ ಸುಮಾರು 30,000 ಡಾಲರ್ ಖರ್ಚಾಗಿತ್ತು, ಆಗಿನ ಲೆಕ್ಕದಲ್ಲೇ ಹದಿಮೂರು ಹದಿನಾಲ್ಕು ಲಕ್ಷ. ನಮ್ಮ ಎರಡನೇ ಫಿಲಂಗೆ ಆಗಿದ್ದು 3,400 ರೂಪಾಯಿ, ಅದರಲ್ಲಿ ಅರ್ಧ ಬಿರಿಯಾನಿಗೆ. ಹಾಗಾಗಿ ಕಬ್ಬಿಣ ಎತ್ತೋನು, ಸಮುದ್ರ ಆಳೋನು ಇವರನ್ನೆಲ್ಲ ಬಿಟ್ಟುಬಿಡಿ. ನಿಮ್ಮ ಊರಲ್ಲಿ ಆಗಲೇ ಇರೋ ವಸ್ತು ಯಾವ ವಿಲನ್‌ಗೆ ಹೊಂದುತ್ತೆ ಅಂತ ನೋಡಿ. ನಾವು ಮೊದಲು ಯೋಚಿಸಿದ್ದು ಮೋಲ್ ಮ್ಯಾನ್. 1961ರಲ್ಲಿ ಫೆಂಟಾಸ್ಟಿಕ್ ಫೋರ್ ಅನ್ನೋ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲೇ ಬಂದ ವಿಲನ್ ಅವನು, ಜನ ಹೀಯಾಳಿಸಿದರು ಅಂತ ನೆಲದೊಳಗೆ ಸೇರಿಕೊಂಡವನು. ಪಕ್ಕದಲ್ಲೇ ಕೆಜಿಎಫ್ ಇದೆ, ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದ ಗಣಿ, 2001ರಲ್ಲಿ ಮುಚ್ಚಿತು. ಗಣಿ ಮುಚ್ಚಿದ ಮೇಲೂ ಕೆಳಗೇ ಉಳಿದುಬಿಟ್ಟ ಒಬ್ಬ ಕೆಲಸಗಾರ ಅಂದ್ರೆ ಕಥೆ ತಾನಾಗೇ ಬಂತು. ಆದರೆ ಮಾಡಲಿಲ್ಲ. ಹಳೇ ಶಾಫ್ಟ್‌ಗಳ ಹತ್ತಿರ, ಗಣಿಯ ಕಸ ಸುರಿದ ಸೈನೈಡ್ ದಿಬ್ಬಗಳ ಮೇಲೆ ಸುಮ್ನೆ ಕ್ಯಾಮೆರಾ ಹಿಡಿದು ಹತ್ತೋದು ಹುಚ್ಚುತನ. ಯಾರಾದರೂ ಮಾಡೋದಿದ್ದರೆ ಮನೆಯೊಳಗೆ ಕಪ್ಪು ಬಟ್ಟೆ ಕಟ್ಟಿ, ಒಂದು ಹೆಡ್‌ಲ್ಯಾಂಪ್ ಬೆಳಕಲ್ಲಿ ಮಾಡಿ. ಕತ್ತಲು ಎಲ್ಲ ಕಡೆ ಒಂದೇ.

ಕೊನೆಗೆ ಸಿಕ್ಕಿದವನು ಬ್ಯಾಟ್‌ಮ್ಯಾನ್‌ನ ವಿಲನ್ ಸ್ಕೇರ್‌ಕ್ರೋ. ಅಂದ್ರೆ ಹೊಲದ ಬೆದರುಬೊಂಬೆ, ನಮ್ಮ ಕಡೆ ಮಾತಲ್ಲಿ ಬೆರ್ಚಪ್ಪ. ಹೆಸರಿಡೋ ಕೆಲಸ ಅಲ್ಲಿಗೇ ಮುಗಿಯಿತು.

1941ರ ಮೊದಲ ಕಥೆ ಓದಿದರೆ ಗೊತ್ತಾಗುತ್ತೆ, ಅವನು ಹುಟ್ಟಿನಿಂದಲೇ ಲೋ ಬಜೆಟ್. ಅವನ ನಿಜವಾದ ಹೆಸರು ಜೋನಾಥನ್ ಕ್ರೇನ್, ಒಬ್ಬ ಸೈಕಾಲಜಿ ಮೇಷ್ಟ್ರು. ಸಂಬಳವೆಲ್ಲ ಪುಸ್ತಕಕ್ಕೆ ಹಾಕುತ್ತಾನೆ, ಹಳೇ ಬಟ್ಟೆಯಲ್ಲೇ ಕಾಲೇಜಿಗೆ ಬರುತ್ತಾನೆ, ಜೊತೆಯವರು ಬೆದರುಬೊಂಬೆ ಅಂತ ಆಡಿಕೊಳ್ಳುತ್ತಾರೆ. ಭಯ ಅಂದ್ರೆ ಏನು ಅಂತ ತೋರಿಸೋಕೆ ಕ್ಲಾಸಲ್ಲೇ ಪಿಸ್ತೂಲು ಹಾರಿಸಿ ಕೆಲಸ ಕಳೆದುಕೊಳ್ಳುತ್ತಾನೆ. ಎಲ್ಲರಿಗೂ ಗೊತ್ತಿರೋ ಭಯದ ಗ್ಯಾಸ್ ಸೇರಿಕೊಂಡಿದ್ದು ಎಷ್ಟೋ ವರ್ಷ ಆದ ಮೇಲೆ. ನಾವು ಗ್ಯಾಸ್ ಬಿಟ್ಟೆವು, ಮೇಷ್ಟ್ರನ್ನು ಇಟ್ಟುಕೊಂಡೆವು. ನಮ್ಮ ಕ್ರೇನ್ ಒಂದು ಕಾಲೇಜಿನಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಪಾಠ ಮಾಡೋ ಗೆಸ್ಟ್ ಲೆಕ್ಚರರ್, ಇರೋದು ಒಂದೇ ಶರ್ಟು, ಕಾಲರ್ ತಿರುವಿ ಹೊಲಿಸಿದ್ದು. ಹಿಂದಿನ ಬೆಂಚಿನಿಂದ "ಬೆರ್ಚಪ್ಪಾ" ಅಂತ ಒಂದು ಕೂಗು. ಪಿಸ್ತೂಲಿನ ಬದಲು ದೀಪಾವಳಿಗೆ ಉಳಿದಿದ್ದ ಒಂದು ಪಟಾಕಿ. ಅದನ್ನೂ ನಿಜವಾಗಿ ಹಚ್ಚಲಿಲ್ಲ, ಸದ್ದು ಆಮೇಲೆ ಸೇರಿಸಿದೆವು.

ಮುಖವಾಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. 2005ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲೇ ಸ್ಕೇರ್‌ಕ್ರೋ ಅಂದ್ರೆ ಕೋಟು ಹಾಕಿದ ಮನುಷ್ಯ, ತಲೆಗೊಂದು ಗೋಣಿ, ಅಷ್ಟೇ. ಮಂಡಿಯಲ್ಲಿ ಹಳೇ ಗೋಣಿಚೀಲ ಕೇಳಿದರೆ ಹತ್ತಿಪ್ಪತ್ತು ರೂಪಾಯಿಗೆ ಕೊಡುತ್ತಾರೆ. ತಂದ ಕೂಡಲೇ ತಲೆಗೆ ಹಾಕಿಕೊಳ್ಳಬೇಡಿ, ಧೂಳಿಗೆ ಸೀನಿ ಸೀನಿ ಸಾಯುತ್ತೀರಿ. ಬಿಸಿನೀರಲ್ಲಿ ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ಒಳಗೆ ಹಳೇ ಬನಿಯನ್ ಕೊಟ್ಟು ಹೊಲಿಯಿರಿ, ಇಲ್ಲಾಂದ್ರೆ ಕೆನ್ನೆಯೆಲ್ಲ ಕೆರೆತ. ಮೂಗಿನ ಹತ್ತಿರ ಬನಿಯನ್ ಬೇಡ, ಉಸಿರಾಡಬೇಕಲ್ವಾ. ಕಣ್ಣಿಗೆ ಕತ್ತರಿಯಲ್ಲಿ ದುಂಡಗೆ ತೂತು ಮಾಡಿದರೆ ಮಕ್ಕಳ ನಾಟಕದ ಮುಖವಾಡ ಆಗುತ್ತೆ. ಕತ್ತರಿಸಬೇಡಿ, ದಬ್ಬಣದ ತುದಿಯಲ್ಲಿ ಒಂದೊಂದೇ ಎಳೆ ಎಬ್ಬಿಸಿ ಎಳೆದುಬಿಡಿ. ಅಡ್ಡ ಎಳೆಗಳಲ್ಲಿ ಏಳೆಂಟು ಹೋದರೆ ಉದ್ದದ ಎಳೆಗಳು ಕಂಬಿಯ ಹಾಗೆ ಉಳಿಯುತ್ತವೆ. ಒಳಗಿನವನಿಗೆ ಹೊರಗೆ ಕಾಣುತ್ತೆ, ಕ್ಯಾಮೆರಾಗೆ ಬರೀ ಕಪ್ಪು. ಬಾಯಿಯನ್ನು ಅದೇ ದಬ್ಬಣದಲ್ಲಿ ಗೋಣಿದಾರ ಹಾಕಿ ಸೊಟ್ಟಗೆ ಹೊಲಿಯಿರಿ. ಆಮೇಲೆ ನಾವು ಸೇರಿಸಿದ್ದು ಒಂದು: ಹೊಲದಲ್ಲಿ ಬೆರ್ಚಪ್ಪನ ತಲೆಗೆ ಮಡಕೆ ಇಟ್ಟು ಸುಣ್ಣದ ಬೊಟ್ಟು ಇಡುತ್ತಾರಲ್ಲ, ಆ ಬೊಟ್ಟುಗಳನ್ನು ಗೋಣಿ ಮೇಲೆ ಇಟ್ಟೆವು. ಅಲ್ಲಿಗೆ ಅವನು ಅಮೆರಿಕದವನಾಗಿ ಉಳಿಯಲಿಲ್ಲ.

ಗೋಣಿಯೊಳಗಿಂದ ಮಾತು ಕೇಳಿಸೋದಿಲ್ಲ. ಅದೇ ಒಳ್ಳೇದು, ತುಟಿ ಕಾಣದ್ದರಿಂದ ಎಲ್ಲ ಡೈಲಾಗನ್ನೂ ಮನೆಯಲ್ಲಿ ಕಂಬಳಿ ಹೊದ್ದು ರೆಕಾರ್ಡ್ ಮಾಡಬಹುದು, ಶೂಟಿಂಗ್ ಮುಗಿದ ಮೇಲೂ ಡೈಲಾಗ್ ತಿದ್ದಬಹುದು. ನಮ್ಮವನು ಕ್ಲಾಸಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಾನೆ, ಗೋಣಿ ಹಾಕಿದ ಮೇಲೆ ಕೋಲಾರದ ಮನೆಮಾತು, ಅರ್ಧ ತೆಲುಗು. "ಏಂರಾ, ಭಯಮಾ?" ಅಂತ ಮೆತ್ತಗೆ ಕೇಳಿದ್ದು ಯಾವ ನಗುವಿಗಿಂತಲೂ ಜಾಸ್ತಿ ಹೆದರಿಸಿತು.

ಭಯವನ್ನು ವಿಲನ್ ಮೇಲೆ ತೋರಿಸಬೇಡಿ, ಹೆದರಿದವನ ಮುಖದ ಮೇಲೆ ತೋರಿಸಿ. ಅರ್ಧ ಗ್ರಾಫಿಕ್ಸ್ ಖರ್ಚು ಅಲ್ಲೇ ಉಳಿಯಿತು. ಟೊಮೆಟೊ ತೋಟದ ಸಾಲುಗಳ ಮಧ್ಯೆ ದೂರದಲ್ಲಿ ಬೆರ್ಚಪ್ಪ ನಿಂತಿದ್ದಾನೆ, ಮುಂದಿನ ಶಾಟ್‌ನಲ್ಲಿ ಎರಡು ಸಾಲು ಹತ್ತಿರ, ಅದರ ಮುಂದಿನದ್ದರಲ್ಲಿ ಬರೀ ಕೋಲು. ಇದಕ್ಕೆ ಏನೂ ಬೇಕಿಲ್ಲ, ಮೊಬೈಲ್ ಅಲ್ಲಾಡಬಾರದು ಅಷ್ಟೇ. ನಾವು ಎರಡು ಟೊಮೆಟೊ ಕ್ರೇಟ್ ಒಂದರ ಮೇಲೊಂದು ಇಟ್ಟು ಅದರ ಮೇಲೆ ಫೋನ್ ಇಟ್ಟೆವು. ರಾತ್ರಿ ಸೀನನ್ನು ರಾತ್ರಿ ತೆಗೆಯಬೇಡಿ. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಸಿಗುತ್ತೆ, ಕ್ಯಾಮೆರಾದಲ್ಲಿ ಬಣ್ಣ ಹೊಂದಿಸೋ ವೈಟ್ ಬ್ಯಾಲೆನ್ಸನ್ನು 3200ರ ಹತ್ತಿರ ಇಟ್ಟರೆ ಎಲ್ಲ ನೀಲಿ ತಿರುಗುತ್ತೆ. ಒಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆಯೋದಾದರೆ ಶಟರ್ 1/50 ಅಥವಾ 1/100 ಇರಲಿ, ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ಇಟ್ಟರೆ ಪಟಪಟ ಮಿನುಗುತ್ತೆ. ಮಂಜು ಬೇಕಂದ್ರೆ ಡಿಸೆಂಬರ್, ಜನವರಿ ಬೆಳಗ್ಗೆ ನೀಲಗಿರಿ ತೋಪಿಗೆ ಹೋಗಿ, ಇಲ್ಲಾಂದ್ರೆ ಸಾಂಬ್ರಾಣಿ ಹೊಗೆ.

ಮುಖಕ್ಕೆ ಬಣ್ಣ ಬೇಕಾಗೋ ವಿಲನ್ ಆದರೆ ಊರ ನಾಟಕದ ಮೇಕಪ್‌ನವರನ್ನು ಹಿಡಿಯಿರಿ. ಕುರುಕ್ಷೇತ್ರ ಆಡಿಸೋರಿಗೆ ಯಾವುದು ಚರ್ಮಕ್ಕೆ ಆಗುತ್ತೆ, ಯಾವುದು ಆಗಲ್ಲ ಅಂತ ಚೆನ್ನಾಗಿ ಗೊತ್ತು.

ಜಾಗದ ವಿಷಯ. ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳು ಪುರಾತತ್ವ ಇಲಾಖೆ ಕೆಳಗಿವೆ, ಅನುಮತಿ ಇಲ್ಲದೆ ವೇಷ ಹಾಕಿ ಅಲ್ಲಿಗೆ ಹೋಗಬೇಡಿ. ಅಂತರಗಂಗೆ ಬೆಟ್ಟದ ಬಂಡೆಗಳು ನೋಡೋಕೆ ಬೇರೆ ಲೋಕದ ಹಾಗಿವೆ, ಆದರೆ ಅಲ್ಲಿನ ಕೋತಿಗಳು ನಮ್ಮ ಮೊದಲ ಮುಖವಾಡವನ್ನು ಎತ್ತಿಕೊಂಡು ಹೋಗಿ ಹರಿದು ಹಾಕಿದವು, ಒಳಗೆ ತಿಂಡಿ ಇದೆ ಅಂದುಕೊಂಡವೋ ಏನೋ. ಮುಖವಾಡ ಎರಡು ಮಾಡಿ. ಆಟಿಕೆ ಗನ್ ಹಿಡಿದು ರಸ್ತೆಯಲ್ಲಿ ಓಡಬೇಡಿ, ನೋಡಿದವರಿಗೆ ಅದು ಆಟಿಕೆ ಅಂತ ಗೊತ್ತಿರಲ್ಲ. ಹೊಲದವರನ್ನು ಮೊದಲೇ ಕೇಳಿ, ಗಿಡಕ್ಕೆ ಕಟ್ಟಿದ ಕೋಲು ಬೀಳಿಸಿದರೆ ನೀವೇ ಎತ್ತಿ ಕಟ್ಟಿ.

ಹಕ್ಕಿನ ಮಾತು ಬೇಸರದ್ದು, ಆದರೂ ಕೇಳಿ. ಪಾತ್ರ ನಿಮ್ಮದಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ಇಂಥದ್ದಕ್ಕೆ ವಿನಾಯಿತಿ ಕೊಡುತ್ತೆ, ಫ್ಯಾನ್ ಫಿಲಂ ಅಂತ ಹೆಸರು ಹಿಡಿದು ಏನೂ ಹೇಳಿಲ್ಲ. "ಇದು ಫ್ಯಾನ್ ಫಿಲಂ, ಲಾಭಕ್ಕಲ್ಲ" ಅಂತ ಬರೆದ ಮಾತ್ರಕ್ಕೆ ರಕ್ಷಣೆ ಸಿಕ್ಕಿಬಿಡಲ್ಲ, ಆದರೂ ಬರೆಯಿರಿ, ವಿಡಿಯೋದಿಂದ ದುಡ್ಡು ಬರಿಸೋ ಮಾನಿಟೈಸೇಶನ್ ಆಫ್ ಇಡಿ. ಸ್ಟಾರ್ ಟ್ರೆಕ್ ಕಂಪನಿಯವರು 2016ರಲ್ಲಿ ಫ್ಯಾನ್ ಫಿಲಂಗಳಿಗೆ ನಿಯಮ ಹಾಕಿದ್ದು ಭಾರಿ ಚಂದಾ ಎತ್ತಿದ ಒಂದು ಫ್ಯಾನ್ ಫಿಲಂ ಮೇಲೆ ಕೋರ್ಟ್‌ನಲ್ಲಿ ಕೇಸ್ ಹಾಕಿದ ಮೇಲೆ. ದುಡ್ಡು ಕಂಡರೇನೇ ಕಣ್ಣು ಬೀಳೋದು. ಸಿನಿಮಾದ ಹಿನ್ನೆಲೆ ಸಂಗೀತ, ಅವರ ಲೋಗೋ ಎರಡೂ ಬೇಡ. ನಾವು ತಮಟೆ ಹೊಡೆಯೋ ಹುಡುಗನನ್ನು ಕರೆದು ಒಂದು ಗಂಟೆ ರೆಕಾರ್ಡ್ ಮಾಡಿಕೊಂಡೆವು, ನಿಧಾನ ಮಾಡಿದ ತಮಟೆ ಎದೆ ಮೇಲೆ ಕೂತ ಹಾಗಿರುತ್ತೆ.

ಅಪ್‌ಲೋಡ್ ಮಾಡೋ ಮೊದಲು ಕಾಮಿಕ್ಸ್ ಗಂಧವೇ ಇಲ್ಲದ ಒಬ್ಬರಿಗೆ ತೋರಿಸಿ. ನಾನು ಅಮ್ಮನಿಗೆ ತೋರಿಸಿದೆ, ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಶುರುವಿನಲ್ಲಿ ಬ್ಯಾಟ್‌ಮ್ಯಾನ್‌ನ ಊರು ಗೋಥಮ್, ಅಲ್ಲಿನ ಹುಚ್ಚಾಸ್ಪತ್ರೆ ಅರ್ಕಾಮ್ ಅಂತ ವಿವರಿಸೋ ಒಂದು ನಿಮಿಷದ ಬರಹ ಇತ್ತು. "ಗೋಥಮ್ ಅಂದ್ರೆ ಯಾವ ತಾಲೂಕೋ?" ಅಂದರು. ಆಮೇಲೆ ಸುಮ್ಮನೆ ನೋಡಿದರು, ಕೊನೆಯಲ್ಲಿ ಕೇಳಿದ್ದು: "ಪಾಪ, ಆ ಮೇಷ್ಟ್ರಿಗೆ ಒಂದು ಹೊಸ ಶರ್ಟು ಯಾರೂ ಕೊಡಿಸಲಿಲ್ವಾ?" ಶುರುವಿನ ಆ ಒಂದು ನಿಮಿಷವನ್ನು ಅವತ್ತು ರಾತ್ರಿಯೇ ಕತ್ತರಿಸಿ ಹಾಕಿದೆವು.